ಯಾರ ಸಲುವಾಗಿ ಈ ಬಂಧನ?

ದಶಲಕ್ಷಣ ಪರ್ವದ ಹತ್ತು ದಿನ ನಮ್ಮ ಜೈನರಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ವಾಚನ ನಡೆಯುತ್ತದೆ. ಏಳನೆಯ ದಿನ ವ್ರತಗಳ ಅಧ್ಯಾಯ. ಅಹಿಂಸೆಯ ವ್ರತ ಹಿಡಿದ ಗೃಹಸ್ಥರು ಯಾವ ಯಾವ ಬಗೆಯಲ್ಲಿ ಅದಕ್ಕೆ ಕುಂದು ತರುತ್ತಾರೆ ಎಂದು ಉಮಾಸ್ವಾಮಿಗಳು ಅಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಮೊದಲನೆಯದು ಜೀವಿಯನ್ನು ಕಟ್ಟಿಹಾಕುವುದು. ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಭಾರ ಹೇರುವುದು ಆಮೇಲೆ ಬರುತ್ತವೆ. ಕೊನೆಯದು ಅದರ ಅನ್ನನೀರನ್ನು ತಡೆಯುವುದು. ಹಿರಿಯಂಗಡಿಯ ನೇಮಿನಾಥ ಬಸದಿಯಲ್ಲಿ ಕುಳಿತು ಚಿಕ್ಕಂದಿನಿಂದ ಇದನ್ನು ಕೇಳುತ್ತ ಬಂದಿದ್ದೇನೆ. ಹಟ್ಟಿಯ ದನ, ಗಾಡಿಯ ಎತ್ತು ಇವುಗಳ ವಿಚಾರದಲ್ಲಿ ನಮ್ಮ ಹಿರಿಯರು ಇದನ್ನು ಪಾಲಿಸಿದ್ದನ್ನೂ ಕಂಡಿದ್ದೇನೆ. ಆದರೆ ಮೊದಲನೆಯ ಅತಿಚಾರವೂ ಕೊನೆಯದೂ ಒಂದಕ್ಕೊಂದು ಎದುರಾಗಿ ನಿಂತರೆ ಏನು ಗತಿ? ಕಟ್ಟಿಹಾಕಿದ ಜೀವಿಗೆ ಇನ್ನೊಂದು ಜೀವವೇ ಅನ್ನವಾದರೆ ವ್ರತಿಯಾದವಳು ಏನು ಮಾಡಬೇಕು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ನನ್ನ ಮಗಳ ಮನೆಯ ಒಂದು ನೀರುಹಾವು.

ನಾನು ಕಾರ್ಕಳದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಾವು ನನಗೆ ಹೊಸತಲ್ಲ. ನಮ್ಮ ಗದ್ದೆಯ ಬದಿಯ ತೋಡಿನಲ್ಲಿ ನೀರೊಳ್ಳೆಗಳು ಮಳೆಗಾಲದುದ್ದಕ್ಕೂ ಇರುತ್ತಿದ್ದವು. ಕಪ್ಪೆ, ಮೀನು ಹಿಡಿದು ಬದುಕುವ ಹಾವು. ಹಿಡಿಯಲು ಹೋದರೆ ತಪ್ಪದೆ ಕಚ್ಚುತ್ತದೆ, ವಿಷವಿಲ್ಲ. ಎಲ್ಲಿ ಕಾಲಿಡಬೇಕು, ಯಾವಾಗ ಸರಿದು ನಿಲ್ಲಬೇಕು ಎಂಬುದು ನಮಗೂ ಅದಕ್ಕೂ ತಲೆಮಾರುಗಳಿಂದ ಗೊತ್ತಿತ್ತು. ಮಗಳ ಮನೆಯ ಹಾವಿನೊಂದಿಗೆ ಅಂಥ ಯಾವ ಪರಿಚಯವೂ ನಮಗಿರಲಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿರುವ ಮೊಮ್ಮಗ ಒಬ್ಬ ವ್ಯಾಪಾರಿಯಿಂದ ಅದನ್ನು ಕೊಂಡು ತಂದಿದ್ದ. ಬೇಸಿಗೆಯ ತರಬೇತಿಗೆಂದು ಅವನು ಬೇರೆ ಊರಿಗೆ ಹೋದಾಗ, ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರಾದ್ದರಿಂದ, ಹಾವಿನ ಆರೈಕೆ ನನ್ನ ಪಾಲಿಗೆ ಬಂತು.

ಅದರ ಶಾಸ್ತ್ರೀಯ ಹೆಸರು ಎರ್ಪೆಟಾನ್ ಟೆಂಟಾಕ್ಯುಲೇಟಮ್. ಮೂತಿಯ ತುದಿಯಲ್ಲಿ ಎರಡು ಮೆತ್ತನೆಯ ಕೋಡುಗಳಿರುವುದರಿಂದ ಇಂಗ್ಲಿಷಿನಲ್ಲಿ ಟೆಂಟಕಲ್ಡ್ ಸ್ನೇಕ್ ಎನ್ನುತ್ತಾರೆ. ಮನೆಯಲ್ಲಿ ನಾವು ಮೀಸೆಹಾವು ಎಂದು ಕರೆದೆವು. ಕಾಂಬೋಡಿಯ, ಥಾಯ್ಲೆಂಡ್, ವಿಯೆಟ್ನಾಂಗಳ ಕೆರೆ, ಗದ್ದೆ, ನಿಧಾನ ಹರಿಯುವ ನೀರು ಇದರ ನೆಲೆ. ಎರಡು ಮೂರು ಅಡಿಗಿಂತ ಹೆಚ್ಚು ಬೆಳೆಯುವುದಿಲ್ಲ. ಬದುಕೆಲ್ಲ ನೀರೊಳಗೇ. ಉಸಿರಿಗಾಗಿ ಮೂತಿಯನ್ನಷ್ಟೇ ಮೇಲೆ ತಂದು ಮತ್ತೆ ಇಳಿಯುತ್ತದೆ, ಅರ್ಧ ಗಂಟೆಯವರೆಗೂ ಉಸಿರು ಹಿಡಿದು ಕೆಳಗಿರಬಲ್ಲದು. ನೆಲದ ಮೇಲೆ ಅದಕ್ಕೆ ಸರಿಯಾಗಿ ಹರಿಯಲೂ ಬಾರದು. ಮೊಟ್ಟೆಯಿಡುವುದಿಲ್ಲ, ನೀರಿನಲ್ಲೇ ಮರಿ ಹಾಕುತ್ತದೆ. ನೀರಿನಿಂದ ಎತ್ತಿದರೆ ಮೈಯನ್ನು ಸೆಟೆದುಕೊಂಡು ಒಣ ಕಡ್ಡಿಯ ಹಾಗೆ ನಿಶ್ಚಲವಾಗಿಬಿಡುತ್ತದೆ.

ಬೇಟೆಯಾಡುವ ಅದರ ರೀತಿ ನನ್ನ ಇಷ್ಟು ವರ್ಷದ ಪಾಠಗಳಲ್ಲಿ ನಾನು ಹೇಳಿದ ಯಾವುದಕ್ಕಿಂತಲೂ ಆಶ್ಚರ್ಯದ್ದು. ಬಾಲವನ್ನು ಗಿಡಕ್ಕೆ ಸುತ್ತಿ, ತಲೆ ಕತ್ತನ್ನು ಕೊಕ್ಕೆಯಂತೆ ಬಾಗಿಸಿ ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತದೆ. ಮೀನು ಆ ಕೊಕ್ಕೆಯೊಳಗೆ ಬಂದಾಗ ಬಾಯಿ ಹಾಕುವ ಮೊದಲು ತನ್ನ ಮೈಯ ಒಂದು ಭಾಗವನ್ನು ಚೂರು ಅದುರಿಸುತ್ತದೆ. ನೀರಿನಲ್ಲಿ ಆ ಕಡೆಯಿಂದ ಕಂಪನ ಬಂದೊಡನೆ ಮೀನಿನ ನರಗಳು ಅದನ್ನು ಎದುರು ದಿಕ್ಕಿಗೆ ತಿರುಗಿಸಿ ಓಡಿಸುತ್ತವೆ, ಅಂದರೆ ನೇರ ಹಾವಿನ ಬಾಯಿಯ ಕಡೆಗೆ. ಎಷ್ಟೋ ಸಲ ಹಾವು ಮೀನು ಇರುವಲ್ಲಿಗೆ ಬಾಯಿ ಹಾಕದೆ ಅದು ಓಡಿ ಬರಲಿರುವ ಜಾಗಕ್ಕೇ ಹಾಕುತ್ತದೆ. ಇದೆಲ್ಲ ನಡೆಯುವುದು ಕಣ್ಣೆವೆ ಮಿಟುಕುವುದಕ್ಕಿಂತ ಬೇಗ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕೆನೆತ್ ಕೆಟೇನಿಯಾ ಅತಿವೇಗದ ಕ್ಯಾಮೆರಾ ಇಟ್ಟು ಇದನ್ನು ಸೆರೆಹಿಡಿದು 2009ರಲ್ಲಿ ಪ್ರಕಟಿಸಿದರು. ಮೀನನ್ನೇ ಕಾಣದೆ ಹುಟ್ಟಿದ ಮರಿಗಳಿಗೂ ಈ ವಿದ್ಯೆ ಬರುತ್ತದೆಂದು ಮರುವರ್ಷ ತೋರಿಸಿದರು. ಇಂಥ ಜೀವಿಯನ್ನು ನೋಡಿದ ಹುಡುಗನಿಗೆ ಅದನ್ನು ಹತ್ತಿರ ಇಟ್ಟುಕೊಳ್ಳುವ ಆಸೆ ಹುಟ್ಟಿದ್ದು ನನಗೆ ಅರ್ಥವಾಗುತ್ತದೆ.

ಅವನು ಅದನ್ನು ಇಟ್ಟುಕೊಂಡ ರೀತಿಯಲ್ಲೂ ನಿರ್ಲಕ್ಷ್ಯವಿರಲಿಲ್ಲ. ನೀರು ಸದಾ ಬೆಚ್ಚಗೆ, ಇಪ್ಪತ್ತೈದು ಇಪ್ಪತ್ತಾರು ಡಿಗ್ರಿಯಲ್ಲಿ ಇರಬೇಕು. ಸ್ವಲ್ಪ ಹುಳಿಗುಣದ ಮೆದು ನೀರಾಗಬೇಕು, ಇಲ್ಲವಾದರೆ ಚರ್ಮಕ್ಕೆ ಬೂಸಲು ಹಿಡಿಯುತ್ತದೆ. ಅದಕ್ಕಾಗಿ ಒಣಗಿದ ಬಾದಾಮಿ ಎಲೆಗಳನ್ನು ಹಾಕಿಡುತ್ತಿದ್ದ. ನಮ್ಮ ಶಾಲೆಯ ಅಂಗಳದಲ್ಲಿ ಗುಡಿಸಿ ಬಿಸಾಡುವ ಅದೇ ಎಲೆ ಅಲ್ಲಿ ದುಡ್ಡು ಕೊಟ್ಟು ತರುವ ಔಷಧಿ. ಬಾಲ ಸುತ್ತಿಕೊಳ್ಳಲು ಬೇರು ಗಿಡಗಳು, ಮಂದ ಬೆಳಕು, ಫಿಲ್ಟರಿನ ಹರಿವು ಜೋರಾಗದಂತೆ ತಡೆ, ಎಲ್ಲವನ್ನೂ ಬರೆದಿಟ್ಟು ಹೋಗಿದ್ದ. ಆ ಪಟ್ಟಿಯ ಕೊನೆಯಲ್ಲಿ ಮೀನು.

ಈ ಹಾವು ಅಲುಗುವ ಜೀವಂತ ಮೀನನ್ನೇ ತಿನ್ನುತ್ತದೆ. ಸತ್ತ ಮೀನನ್ನು ಇಕ್ಕಳದಲ್ಲಿ ಹಿಡಿದು ಆಡಿಸಿ ನೋಡಿದ್ದ, ಅದು ಮೂಸಿಯೂ ನೋಡಲಿಲ್ಲವಂತೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಗೋಲ್ಡ್‌ಫಿಶ್‌ ಕೊಡುವಂತಿಲ್ಲ. ಅದರ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ, ಅದನ್ನೇ ತಿನ್ನಿಸುತ್ತ ಹೋದರೆ ಹಾವಿನ ನರಗಳು ಕೆಡುತ್ತವೆ. ಅದಕ್ಕಾಗಿ ಇನ್ನೊಂದು ತೊಟ್ಟಿಯಲ್ಲಿ ಗಪ್ಪಿ ಮೀನುಗಳನ್ನು ಸಾಕಿದ್ದ. ಹೊರಡುವ ಹಿಂದಿನ ದಿನ ನನ್ನ ಹತ್ತಿರ ಕುಳಿತು, “ಅಜ್ಜಿ, ಮೀನು ಹಾಕ್ಲಿಕ್ಕೆ ನಿಮಗೆ ಆಗುದಿಲ್ಲ ಅಂತ ಗೊತ್ತುಂಟು. ಅಮ್ಮನ ಹತ್ರ ಹೇಳಿದ್ದೇನೆ, ಅವರು ಹಾಕ್ತಾರೆ” ಎಂದ. ಸೂರ್ಯ ಮುಳುಗಿದ ಮೇಲೆ ಉಣ್ಣದ, ನೆಲದಡಿಯ ಗೆಡ್ಡೆಯನ್ನೂ ಬಿಟ್ಟ ಅಜ್ಜಿಯ ಮೇಲೆ ಅವನಿಗಿದ್ದ ಮರ್ಯಾದೆ ಅದು. ಆದರೆ ನಾನು ಒಪ್ಪಲಿಲ್ಲ.

ಒಪ್ಪದಿರುವುದಕ್ಕೆ ಕಾರಣ ನಮ್ಮ ಧರ್ಮವೇ. ಪಾಪಪುಣ್ಯದ ಲೆಕ್ಕದಲ್ಲಿ ಜೈನರು ಮಾಡುವವರನ್ನು ಮಾತ್ರ ನೋಡುವುದಿಲ್ಲ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆಯಿಂದ ಸುಮ್ಮನಿದ್ದದ್ದು ಮೂರೂ ಒಂದೇ ತಕ್ಕಡಿಗೆ ಬರುತ್ತವೆ. ಮಗಳ ಕೈಯಿಂದ ಮೀನು ಹಾಕಿಸಿ ನಾನು ದೇವರ ಕೋಣೆಯಲ್ಲಿ ಕುಳಿತರೆ ನನ್ನ ಕೈ ಶುದ್ಧವಾಗುವುದಿಲ್ಲ, ಮಗಳಿಗೆ ಒಂದು ಭಾರ ಹೆಚ್ಚುತ್ತದೆ ಅಷ್ಟೇ. ಫೋನಿನಲ್ಲಿ ಊರಿನ ಸಂಬಂಧಿಕರೊಬ್ಬರು ಬೇರೆ ದಾರಿ ಹೇಳಿದರು: ಏನೂ ಹಾಕಬೇಡಿ, ಅದರ ಕರ್ಮ ಇದ್ದಂತೆ ಆಗಲಿ. ಇದೂ ಧರ್ಮವಲ್ಲ. ನಮ್ಮಲ್ಲಿ ಉಪವಾಸವಿದೆ, ಸಲ್ಲೇಖನವೂ ಇದೆ. ಅವು ಅರಿತು ತಾನಾಗಿ ಕೈಗೊಳ್ಳುವ ವ್ರತಗಳು. ಬೀಗ ಹಾಕಿದ ತೊಟ್ಟಿಯೊಳಗಿನ ಜೀವಿಯ ಮೇಲೆ ನಾವು ಹೇರುವ ಉಪವಾಸಕ್ಕೆ ಐದನೆಯ ಅತಿಚಾರ ಎಂಬ ಹೆಸರು ಆಗಲೇ ಇದೆ.

ಹಾಗಾದರೆ ಮೀನು? ಮೀನಿಗೂ ಹಾವಿಗೂ ನಮ್ಮ ಶಾಸ್ತ್ರದಲ್ಲಿ ಮೇಲುಕೀಳಿಲ್ಲ, ಎರಡೂ ಪಂಚೇಂದ್ರಿಯ ಜೀವಿಗಳು. ಕೆರೆಯಲ್ಲಿ ಹಾವು ಮೀನನ್ನು ಹಿಡಿದರೆ ಅದು ಅವೆರಡರ ಮಧ್ಯದ ಸಂಗತಿ. ಓಡಲು ಮೀನಿಗೆ ಇಡೀ ಕೆರೆ ಇರುತ್ತದೆ, ಎಷ್ಟೋ ಮೀನು ತಪ್ಪಿಸಿಕೊಳ್ಳುತ್ತವೆ. ಗಾಜಿನ ತೊಟ್ಟಿಯಲ್ಲಿ ಮೀನಿಗೆ ಓಡುವ ಜಾಗವಿಲ್ಲ. ಅಲ್ಲಿ ಸೆರೆಯಲ್ಲಿರುವವರು ಇಬ್ಬರು, ಹಾವು ಮತ್ತು ಮೀನು. ಅಲ್ಲಿ ನಡೆಯುವ ಕೊಲೆ ಪ್ರಕೃತಿಯ ಏರ್ಪಾಡು ಎಂದು ನಾನು ಹೇಳಲಾರೆ, ಅದು ಮನುಷ್ಯರ ಏರ್ಪಾಡು. ಆ ಬೇಸಿಗೆಯಲ್ಲಿ ನಾನೇ ನನ್ನ ಕೈಯಿಂದ ಗಪ್ಪಿಗಳನ್ನು ಬಲೆಯಲ್ಲಿ ಎತ್ತಿ ಹಾವಿನ ತೊಟ್ಟಿಗೆ ಬಿಟ್ಟೆ. ಪ್ರತಿ ಸಲವೂ ಣಮೋಕಾರ ಮಂತ್ರ ಹೇಳಿ ಬಿಟ್ಟೆ. ಮಂತ್ರದಿಂದ ಕೊಲೆ ಕೊಲೆಯಲ್ಲದಾಗುತ್ತದೆ ಎಂದು ನಂಬಿ ಹೇಳಿದ್ದಲ್ಲ. ಆ ಮೀನಿನ ಕಡೆಯ ಗಳಿಗೆಯಲ್ಲಿ ಅದಕ್ಕೆ ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಇದೇ ಇಕ್ಕಟ್ಟು ಜೈನರ ಸಂಸ್ಥೆಯೊಂದಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದಿದೆ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಆಸ್ಪತ್ರೆಯಿದೆ. ಗಾಳಿಪಟದ ದಾರ ತಾಗಿ ರೆಕ್ಕೆ ಕೊಯ್ದುಕೊಂಡ ಪಾರಿವಾಳ, ಗಿಳಿಗಳಿಗೆ ಅಲ್ಲಿ ಹಣ ತೆಗೆದುಕೊಳ್ಳದೆ ಚಿಕಿತ್ಸೆ ಮಾಡುತ್ತಾರೆ. ಮಾಂಸ ತಿನ್ನುವ ಹಕ್ಕಿಗಳನ್ನು ಮಾತ್ರ ಒಳಗಿಟ್ಟುಕೊಳ್ಳದಿರುವುದು ಅಲ್ಲಿನ ರೂಢಿ. ಒಳಗಿಟ್ಟುಕೊಂಡರೆ ಮಾಂಸ ಕೊಡಬೇಕಲ್ಲ. ಗಾಯಗೊಂಡ ಹದ್ದನ್ನು ತಂದು ಹಾಗೆ ವಾಪಸಾದ ದಿಲ್ಲಿಯ ಅಣ್ಣತಮ್ಮಂದಿರು ಮುಂದೆ ತಮ್ಮ ಮನೆಯ ನೆಲಮಾಳಿಗೆಯಲ್ಲೇ ಹದ್ದುಗಳ ಆರೈಕೆಗೆ ತೊಡಗಿದ ಕಥೆಯನ್ನು ‘ಆಲ್ ದಟ್ ಬ್ರೀದ್ಸ್’ ಎಂಬ 2022ರ ಸಾಕ್ಷ್ಯಚಿತ್ರದಲ್ಲಿ ನೋಡಿದವರಿದ್ದಾರೆ. ಆಸ್ಪತ್ರೆಯವರ ಸಂಕಟ ನನಗೆ ಗೊತ್ತು, ಅದು ನನ್ನದೇ ಸಂಕಟ. ಅಣ್ಣತಮ್ಮಂದಿರ ಕರುಣೆಗೂ ನಾನು ತಲೆಬಾಗುತ್ತೇನೆ. ಎರಡು ಕಡೆಯವರಲ್ಲೂ ಒಂದು ಸಮಾನ ಗುಣವಿದೆ: ಹಕ್ಕಿಯನ್ನು ಯಾರೂ ತಮ್ಮ ಸಂತೋಷಕ್ಕೆಂದು ಹಿಡಿದು ತಂದಿಲ್ಲ. ಗಾಯಗೊಂಡು ಬಿದ್ದದ್ದನ್ನು ಎತ್ತಿಕೊಂಡದ್ದು. ನಮ್ಮ ಮನೆಯ ಹಾವು ಬಿದ್ದಿರಲಿಲ್ಲ. ಅದನ್ನು ಹಿಡಿದರು, ಮಾರಿದರು, ನಾವು ಕೊಂಡೆವು.

ಹೀಗಾಗಿ ಹಿಂಸೆ ಎಲ್ಲಿ ಆಯಿತು ಎಂದು ಹುಡುಕುತ್ತ ಹೋದರೆ ನಾನು ಮೀನು ಬಿಟ್ಟ ಕೈಯಲ್ಲಿ ನಿಲ್ಲುವುದಿಲ್ಲ, ಹಿಂದೆ ಹೋಗುತ್ತೇನೆ. ಹಾವು ಮನೆಗೆ ಬಂದ ದಿನವೇ ಮುಂದಿನ ಎಲ್ಲ ಮೀನುಗಳ ಸಾವು ನಿಶ್ಚಯವಾಯಿತು. ಪರಿಗ್ರಹವೆಂದರೆ ವಸ್ತು ಕೈಯಲ್ಲಿರುವುದಲ್ಲ, ಅದರ ಮೇಲೆ ಮನಸ್ಸು ಮೈಮರೆಯುವುದು ಎಂದು ನಮ್ಮ ಆಚಾರ್ಯರು ಹೇಳುತ್ತಾರೆ. ಅಪರೂಪದ ಜೀವಿ ನನ್ನದಾಗಬೇಕು ಎಂಬ ಆ ಮೈಮರೆವಿನಲ್ಲಿ ಹಿಂಸೆ ಮೊಳೆಯಿತು, ನನ್ನ ಕೈಯಲ್ಲಿ ಫಲ ಕೊಟ್ಟಿತು. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಕೊಲ್ಲುವ ಪ್ರಾಣಿಗಳನ್ನು ಸಾಕುವುದನ್ನು ಆಯುಧ ಮಾರುವುದರ ಜೊತೆ ಸೇರಿಸಿ ಅನರ್ಥದಂಡ ಎಂದಿದ್ದಾರೆ. ಅಂದರೆ ಬದುಕಿಗೆ ಬೇಕಿಲ್ಲದೆ ಮೈಮೇಲೆ ಎಳೆದುಕೊಂಡ ಹಿಂಸೆ. ಬೆಕ್ಕನ್ನು ದೂಷಿಸಿ ಹೇಳಿದ್ದಲ್ಲ ಅದು. ಬೆಕ್ಕಿಗೆ ತನ್ನ ಬದುಕಿದೆ. ಅದರ ಬೇಟೆಯನ್ನು ನಿನ್ನ ಲೆಕ್ಕಕ್ಕೆ ಬರೆಸಿಕೊಳ್ಳಬೇಡ ಎಂದು ಮನುಷ್ಯನಿಗೆ ಹೇಳಿದ್ದು.

ಮೊಮ್ಮಗ ಇದನ್ನು ಸುಮ್ಮನೆ ಕೇಳಿಕೊಳ್ಳಲಿಲ್ಲ. ಅವನ ಮೊದಲ ವಾದ ಇದು: ಅದರ ಊರಲ್ಲಿ ಅದರ ಗತಿ ಇದಕ್ಕಿಂತ ಕೆಟ್ಟದು. ಈ ಮಾತಿನಲ್ಲಿ ಸತ್ಯವಿದೆ. ಕಾಂಬೋಡಿಯದ ಟೊನ್ಲೆ ಸಾಪ್ ಸರೋವರ ಮಳೆಗಾಲದಲ್ಲಿ ಮೆಕಾಂಗ್ ನದಿಯ ನೀರು ಹಿಮ್ಮುಖವಾಗಿ ನುಗ್ಗಿ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಮೀನಿನಂತೆಯೇ ನೀರುಹಾವಿಗೂ ಅದು ದೊಡ್ಡ ತವರು. ಅಲ್ಲಿ ವರ್ಷಕ್ಕೆ ಸುಮಾರು 69 ಲಕ್ಷ ಹಾವುಗಳನ್ನು ಹಿಡಿಯುತ್ತಾರೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚಿನವು ಮೊಸಳೆ ಸಾಕುವವರ ತೊಟ್ಟಿಗೆ ಆಹಾರವಾಗಿ ಹೋಗುತ್ತವೆ, ಕೆಲವನ್ನು ಜನರೇ ತಿನ್ನುತ್ತಾರೆ, ಚರ್ಮಕ್ಕೂ ಬೇಡಿಕೆಯಿದೆ. ಮೀಸೆಹಾವೂ ಆ ಬಲೆಗಳಲ್ಲಿ ಬೀಳುತ್ತದೆ. ಮೀನು ಸಿಗುವುದು ಕಡಿಮೆಯಾದಾಗ ಬಡ ಬೆಸ್ತರು ಹಾವಿಗೆ ಬಲೆ ಹಾಕುತ್ತಾರೆ. ಹೊಟ್ಟೆಪಾಡಿಗೆ ಬಲೆ ಹಾಕಿದವರ ಮೇಲೆ ತೀರ್ಪು ಕೊಡಲು ನಾನು ಹೊರಟಿಲ್ಲ.

ಆದರೆ ಕೊಳ್ಳುವುದು ರಕ್ಷಣೆಯಾಗುವುದಿಲ್ಲ. ಅದೇ ಕಾಂಬೋಡಿಯದ ರಾಜಧಾನಿ ನಾಮ್ ಪೆನ್‌ನಲ್ಲಿ, ನದಿಯ ದಂಡೆಯ ಗುಡಿಯ ಮುಂದೆ, ಪಂಜರದಲ್ಲಿ ಪುಟ್ಟ ಹಕ್ಕಿಗಳನ್ನು ಇಟ್ಟು ಮಾರುತ್ತಾರೆ. ಭಕ್ತರು ದುಡ್ಡು ಕೊಟ್ಟು ಅವನ್ನು ಹಾರಿಬಿಟ್ಟು ಪುಣ್ಯ ಗಳಿಸುತ್ತಾರೆ. ಬಿಡುವವರು ಇರುವುದರಿಂದಲೇ ಹಿಡಿಯುವವರು ಇದ್ದಾರೆ. ಬಿಡುಗಡೆಯ ಪುಣ್ಯಕ್ಕಾಗಿ ಕೊಟ್ಟ ಹಣವೇ ಮತ್ತೊಂದು ಬಲೆಯನ್ನು ಹೆಣೆಯುವುದಾದರೆ, ಸಾಕುವ ಸಂತೋಷಕ್ಕೆ ಕೊಟ್ಟ ಹಣದ ಬಗ್ಗೆ ಹೇಳುವುದೇನು? ನಾವು ಒಂದು ಹಾವನ್ನು ಕೊಂಡಾಗ ವ್ಯಾಪಾರಿಯ ಅಂಗಡಿಯಲ್ಲಿ ಒಂದು ತೊಟ್ಟಿ ಖಾಲಿಯಾಯಿತು. ಅದನ್ನು ತುಂಬಲು ಇನ್ನೊಂದು ಹಾವು ಬೇಕು.

ಅವನ ಎರಡನೆಯ ವಾದ ನನ್ನನ್ನು ಹೆಚ್ಚು ಕಾಡಿತು. “ನೋಡದೆ ಪ್ರೀತಿ ಹುಟ್ಟುದು ಹೇಗೆ ಅಜ್ಜಿ? ಕೆಟೇನಿಯಾ ಹಾವನ್ನು ತೊಟ್ಟಿಯಲ್ಲಿ ಇಡದಿದ್ರೆ ಅದರ ವಿದ್ಯೆ ಯಾರಿಗೂ ಗೊತ್ತಾಗ್ತಿರಲಿಲ್ಲ.” ಹೌದು, ಗೊತ್ತಾಗುತ್ತಿರಲಿಲ್ಲ. ನಾನೂ ಆ ವಿಜ್ಞಾನದ ಋಣದಲ್ಲಿರುವವಳು. ಜ್ಞಾನಕ್ಕಾಗಿ ಇಟ್ಟ ಬಂಧನಕ್ಕೂ ಹಿಂಸೆಯ ಲೆಕ್ಕ ತಪ್ಪದು. ಆದರೆ ಅಲ್ಲಿ ಒಂದು ನಿರ್ದಿಷ್ಟ ಪ್ರಶ್ನೆಯಿರುತ್ತದೆ, ಉತ್ತರ ಎಲ್ಲರಿಗೂ ಸಲ್ಲುತ್ತದೆ, ಒಬ್ಬರು ಒಮ್ಮೆ ಕಂಡದ್ದನ್ನು ಉಳಿದವರು ಓದಿ ತಿಳಿಯಬಹುದು. ಕೆಟೇನಿಯಾ ತೆಗೆದ ಚಿತ್ರವನ್ನು ನಾವಿಬ್ಬರೂ ಕುಳಿತು ನೋಡಿದ್ದೇವೆ. ಅದರಲ್ಲಿ ಕಂಡಷ್ಟು ನಮ್ಮ ತೊಟ್ಟಿಯಲ್ಲಿ ನಮಗೆ ಎಂದೂ ಕಾಣಿಸಲಿಲ್ಲ. ಕಣ್ಣಿಗೆ ಸಿಗದ ವೇಗ ಅದು.

ನೋಡದೆ ಪ್ರೀತಿ ಹುಟ್ಟುತ್ತದೆಯೇ ಎಂಬುದಕ್ಕೆ ನನ್ನ ಊರೇ ಉತ್ತರ ಕೊಟ್ಟಿದೆ. ತುಳುನಾಡಿನಲ್ಲಿ ಜೈನರ ಮನೆಗಳಿಗೂ ನಾಗಬನವಿದೆ. ನಮ್ಮ ಮನೆಯ ಬನದಲ್ಲಿ ನಾಗನನ್ನು ಕಣ್ಣಾರೆ ಕಂಡವರು ಕಡಿಮೆ. ಆದರೂ ಅಲ್ಲಿಯ ಒಂದು ಕೊಂಬೆ ಕಡಿಯುವಂತಿಲ್ಲ, ಸೌದೆ ಆಯುವಂತಿಲ್ಲ. ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಹೋಗುವುದು, ನಮಸ್ಕರಿಸಿ ಹಿಂದೆ ಬರುವುದು. ಹಾವನ್ನು ತರಲಿಲ್ಲ, ಮುಟ್ಟಲಿಲ್ಲ, ತೋರಿಸಲಿಲ್ಲ. ಅದಕ್ಕೆ ನೆಲ, ನೆರಳು, ನೀರು ಬಿಟ್ಟುಕೊಟ್ಟರು. ಭತ್ತದ ಒಂದು ಗದ್ದೆಯಾಗಬಹುದಾದ ಜಾಗವನ್ನು ತಲೆಮಾರುಗಳ ಕಾಲ ಬಿಟ್ಟುಕೊಡುವುದು ಪ್ರೀತಿಯಲ್ಲದೆ ಮತ್ತೇನು? ಈಗ ಎಷ್ಟೋ ಕಡೆ ಮರ ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿ ಅದನ್ನೇ ಬನವೆನ್ನುತ್ತಿದ್ದಾರೆ. ಮರಗಳಿಲ್ಲದ ಬನದಲ್ಲಿ ಪೂಜೆ ಉಳಿಯುತ್ತದೆ, ಹಾವು ಉಳಿಯುವುದಿಲ್ಲ. ಇದು ನನಗೆ ನೋವಿನ ಸಂಗತಿ.

ಕಣ್ಣಿಗೆ ಕಾಣದ ಜೀವಿಯ ಮೇಲಿನ ಇಂಥ ಕಾಳಜಿ ನಮ್ಮ ತೀರ್ಥಂಕರರ ಕಥೆಗಳಲ್ಲೂ ಇದೆ. ಪಾರ್ಶ್ವನಾಥ ಸ್ವಾಮಿಯ ಕಥೆಯಲ್ಲಿ ಉರಿಯುವ ಸೌದೆಯೊಳಗೆ ಸರ್ಪಗಳಿರುವುದನ್ನು ಅರಿತವನು ಆಗಿನ್ನೂ ರಾಜಕುಮಾರನಾಗಿದ್ದ ಪಾರ್ಶ್ವನಾಥನೇ. ಬೆಂಕಿ ಹಾಕಿದ ತಪಸ್ವಿಗೆ ಅದು ಕಾಣಲಿಲ್ಲ. ನೇಮಿನಾಥ ಸ್ವಾಮಿಯ ಕಥೆ ಇನ್ನೂ ನೇರ. ಮದುವೆಯ ಮೆರವಣಿಗೆಯಲ್ಲಿ ಹೋಗುತ್ತಿದ್ದಾಗ ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿಸುತ್ತದೆ. ಇವನ್ನು ಯಾರ ಸಲುವಾಗಿ ಕಟ್ಟಿದ್ದೀರಿ ಎಂದು ವಿಚಾರಿಸುತ್ತಾನೆ. ನಿಮ್ಮ ಮದುವೆಯ ಊಟಕ್ಕೆ ಎಂದು ಉತ್ತರ ಬರುತ್ತದೆ. ಅವನು ಬೇಲಿ ಕಟ್ಟಿದವನಲ್ಲ, ಕಟ್ಟಲು ಹೇಳಿದವನೂ ಅಲ್ಲ. ಆದರೂ ಬಂಧನ ತನ್ನ ಹೆಸರಿನಲ್ಲಿದೆ ಎಂದು ತಿಳಿದ ಕ್ಷಣ ಮದುವೆ ಬಿಟ್ಟು ಹೊರಟುಹೋದ. ಅಹಿಂಸೆಯ ಬಗ್ಗೆ ನನಗೆ ತಿಳಿದಿರುವ ಪ್ರಶ್ನೆಗಳಲ್ಲಿ ಇದರಷ್ಟು ನೇರವಾದದ್ದು ಇನ್ನೊಂದಿಲ್ಲ. ಯಾರು ಹಿಡಿದರು, ಯಾರು ಮಾರಿದರು, ಯಾರು ಅನ್ನ ಹಾಕಿದರು ಎಂಬುದೆಲ್ಲ ಆಮೇಲಿನದು. ಯಾರ ಸಲುವಾಗಿ ಎಂಬುದು ಮೊದಲು. ಹಾವಿನ ಸಲುವಾಗಿ ಎಂದು ನಾವು ನಮ್ಮ ತೊಟ್ಟಿಯ ಬಗ್ಗೆ ಹೇಳಲಾರೆವು.

ನೇಮಿನಾಥನ ಕಥೆಯಲ್ಲಿ ಬೇಲಿ ತೆರೆದರೆ ಸಾಕು, ಪ್ರಾಣಿಗಳು ತಮ್ಮ ಕಾಡಿಗೆ ಹೋದವು. ಪರದೇಶದ ಹಾವಿಗೆ ಆ ಬಿಡುಗಡೆಯೂ ಇಲ್ಲ. ಒಹಾಯೊದ ಕೆರೆಗೆ ಬಿಟ್ಟರೆ ಮೊದಲ ಚಳಿಗಾಲದಲ್ಲೇ ಅದು ಸಾಯುತ್ತದೆ. ಬದುಕಿಕೊಳ್ಳುವಷ್ಟು ಬೆಚ್ಚಗಿನ ಊರಾದರೆ ಅಲ್ಲಿಯ ಜೀವಿಗಳಿಗೆ ಆಪತ್ತು. ಸಾಕಲು ತಂದ ಬರ್ಮಾದ ಹೆಬ್ಬಾವುಗಳು ಹೊರಬಿದ್ದು ಫ್ಲಾರಿಡದ ಜೌಗುನೆಲದಲ್ಲಿ ಮೊಲ, ರಕೂನ್‌ಗಳನ್ನು ಬರಿದು ಮಾಡಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಅಪರಿಚಿತ ಜೀವಿಯನ್ನು ಕಟ್ಟಿದವರಿಗೆ ಕಟ್ಟು ಬಿಚ್ಚುವ ಅಧಿಕಾರವೂ ಕಳೆದುಹೋಗುತ್ತದೆ, ಸಾಕುವ ಋಣವೊಂದೇ ಉಳಿಯುತ್ತದೆ. ಅದು ಹಾವಿನ ಆಯುಷ್ಯ ಇರುವಷ್ಟು ದಿನದ ಋಣ. ಮೊಮ್ಮಗ ಇದನ್ನು ಒಪ್ಪಿದ. ಇದನ್ನು ಕೊನೆಯ ತನಕ ಚೆನ್ನಾಗಿ ನೋಡಿಕೊಳ್ಳುತ್ತೇನೆ, ಇನ್ನೊಂದು ತರುವುದಿಲ್ಲ ಎಂದ. ನನಗೆ ಅಷ್ಟು ಸಾಕು.

ಊರಿಗೆ ಮರಳಿದ ಮೇಲೆ ಇದನ್ನು ಬರೆಯಲು ಕಾರಣವಿದೆ. ಈ ಆಸೆ ಈಗ ನಮ್ಮಲ್ಲಿಗೂ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, ಸತ್ತುಹೋಗಿದ್ದ 6 ಕ್ಯಾಪುಚಿನ್ ಕೋತಿಗಳು ಸಿಕ್ಕವು. ನಮ್ಮ ನೀರೊಳ್ಳೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ, ಪರದೇಶದ ಹಾವಿನ ಮೋಹವನ್ನು ಕಾಯ್ದೆಯೊಂದೇ ತಡೆಯಲಾರದು. ಓದುತ್ತಿರುವ ಮಕ್ಕಳಿಗೂ ಅವರ ತಂದೆತಾಯಿಗೂ ನನ್ನ ಮಾತು ಇಷ್ಟೇ. ಕೊಳ್ಳುವ ಮೊದಲು ಯಾರ ಸಲುವಾಗಿ ಎಂದು ಕೇಳಿಕೊಳ್ಳಿ. ನನ್ನ ಸಲುವಾಗಿ ಎಂಬ ಉತ್ತರ ಬಂದರೆ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಕೆರೆಗೆ ಬಿಡಬೇಡಿ, ಹಸಿವಿನಲ್ಲಿ ಇಡಬೇಡಿ, ಅದರ ಅನ್ನದ ಪಾಪವನ್ನು ಇನ್ನೊಬ್ಬರ ಕೈಗೆ ದಾಟಿಸಬೇಡಿ. ಅದು ಬದುಕಿರುವವರೆಗೆ ನೀವೇ ನೋಡಿಕೊಳ್ಳಿ, ಅದನ್ನೇ ಕೊನೆಯದಾಗಿಸಿ.